ಲ್ಯಾಪ್‌ಟಾಪಿಗೆ ಜಾತಕ ಕೂಡಿ ಬರಲಿಲ್ಲ

ನಮ್ಮ ಓಣಿಯ ಮಾಸ್ಟ್ರ ಲ್ಯಾಪ್‌ಟಾಪು 2014ರದ್ದು. ಉಡುಪಿಯ 11 ಮಳೆಗಾಲ ಕಂಡಿದೆ. ಆಷಾಢದಲ್ಲಿ ಮನೆಯ ಬೆಲ್ಟು, ಚಪ್ಪಲಿ, ಮದುವೆಯ ಕೋಟಿಗೆಲ್ಲ ಬೂಷ್ಟು ಹಿಡಿದರೂ ಇದಕ್ಕೆ ಹಿಡಿದದ್ದಿಲ್ಲ. ನಿವೃತ್ತರಾದ ಮೇಲೆ ಮಾಸ್ಟ್ರಿಗೆ ಅದರಲ್ಲಿ ಇರುವುದು ಮೂರೇ ಕೆಲಸ: ಕರೆಂಟು ಬಿಲ್ಲು ಕಟ್ಟುವುದು, ಯೂಟ್ಯೂಬಿನಲ್ಲಿ ತಾಳಮದ್ದಳೆ ಕೇಳುವುದು, ಮಧ್ಯಾಹ್ನ ಉಂಡು ಸಾಲಿಟೇರ್ ಎಂಬ ಇಸ್ಪೀಟಾಟ ಆಡುವುದು. ಮೂರನೆಯದು ಮುಖ್ಯ. ಉಳಿದೆರಡು ಹೆಂಡತಿಗೆ ಹೇಳಲಿಕ್ಕೆ.

ಒಂದು ದಿನ ಅಂಗಡಿಯ ಹುಡುಗ ನಾಡಿ ಹಿಡಿದು ನೋಡಿ, "ಇದರ ಕಥೆ ಮುಗೀತು ಸಾರ್, ಹೊಸತು ತಗೊಳ್ಳಿ" ಎಂದ. ರೋಗ ಎಂತದ್ದು? ರೋಗ ಏನೂ ಇಲ್ಲ, ಜಾತಕ ಕೂಡಿ ಬರುವುದಿಲ್ಲ. ಅದರಲ್ಲಿರುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಆರೈಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ನ್ನು ಮನೆ ತುಂಬಿಸಿಕೊಳ್ಳಬೇಕಾದರೆ ಟಿಪಿಎಂ 2.0 ಎಂಬ ಬೀಗ ಕಾಯುವ ಚಿಪ್ಪು ಇರಬೇಕು. ಇಂಟೆಲ್ ಪ್ರೊಸೆಸರಾದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ನಿನದ್ದಾಗಬೇಕು. ಮಾಸ್ಟ್ರದ್ದು ನಾಲ್ಕನೇದು. ನಮ್ಮಲ್ಲಿ ಹುಡುಗಿ ನೋಡುವಾಗ ಕೂಡ ಎಂಟು ತಲೆಮಾರು ಕೇಳುವುದಿಲ್ಲ ಮಾರಾಯ್ರೆ, ಕುಟುಂಬದ ಮನೆ ಎಲ್ಲಿ ಎಂದು ಕೇಳಿ ಕಾಫಿ ಕುಡಿದು ಬರುತ್ತಾರೆ.

ಇನ್ನೊಂದು ವರ್ಷದ ಆಯುಸ್ಸು ದುಡ್ಡಿಲ್ಲದೆ ಕೊಡುವ ದಾರಿಯೂ ಇತ್ತು. ಮೈಕ್ರೋಸಾಫ್ಟಿನಲ್ಲಿ ಅಕೌಂಟ್ ತೆರೆದು ಕಂಪ್ಯೂಟರಿನ ಸೆಟ್ಟಿಂಗನ್ನೆಲ್ಲ ಅವರ ಕ್ಲೌಡಿಗೆ ಒಪ್ಪಿಸಿದರಾಯಿತು. ಮಾಸ್ಟ್ರು ಒಪ್ಪಲಿಲ್ಲ. ಅದೇ ಮನೆಯ ಅಡುಗೆಕೋಣೆಯಲ್ಲಿ ಗ್ರೈಂಡರಿಗೆ 26 ವರ್ಷ ನಡೆಯುತ್ತಿದೆ, ದಿನಾ ನೀರುದೋಸೆಗೆ ಅರೆಯುತ್ತದೆ. ಅದರ ಕಂಪೆನಿಯವರು ಬಂದು, ಇನ್ನು ಮುಂದೆ ಎಂಟನೇ ಜನರೇಶನ್ ಅಕ್ಕಿ ಮಾತ್ರ ಅರೆಯಬೇಕು ಎಂದು ಇಷ್ಟರವರೆಗೆ ಹೇಳಿದ್ದಿಲ್ಲ.

ಆಗ ಪ್ರವೇಶವಾದದ್ದು ಮಾಸ್ಟ್ರ ತಂಗಿಯ ಮಗ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಸ್ನಾನ ಬಿಟ್ಟರೂ ಬಿಟ್ಟಾನು, ಅಪ್‌ಡೇಟ್ ಬಿಡ. ಅವನ ಸ್ವಂತ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಜಾಗಕ್ಕೆ ಒಂದು ವಾರ ಉಬುಂಟು, ಮುಂದಿನ ವಾರ ಡೆಬಿಯನ್, ಅದರ ಮುಂದಿನ ವಾರ ನಮಗೆ ಉಚ್ಚರಿಸಲಿಕ್ಕಾಗದ ಇನ್ನೊಂದು. ಎಲ್ಲ ಉಂಟು, ಮಾಡಲಿಕ್ಕೆ ಕೆಲಸ ಮಾತ್ರ ಇಲ್ಲ. ಅವನು ಪೆನ್‌ಡ್ರೈವ್ ಸಿಕ್ಕಿಸಿ, ಒಂದು ಪ್ಲೇಟು ಗೋಳಿಬಜೆ ಮುಗಿಸುವಷ್ಟರಲ್ಲಿ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ಹೋದ. ಲ್ಯಾಪ್‌ಟಾಪು ಎದ್ದು ಕೂತಿತು. ಪ್ರಿಂಟರ್ ಮಾತ್ರ ಮುನಿಸಿಕೊಂಡು ಮೂಲೆಯಲ್ಲಿ ಉಳಿಯಿತು, ಮತ್ತು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೇ ಭಾಷಣಗಳು ಬ್ರಹ್ಮಲಿಪಿಯಾಗಿ ಕಂಡವು. ಅವನ್ನು ಓದಲಿಕ್ಕಾಗದಿದ್ದರೆ ಊರಿಗೇನೂ ನಷ್ಟವಿಲ್ಲ ಎಂದು ಮಾಸ್ಟ್ರ ಹೆಂಡತಿಯ ಅಭಿಪ್ರಾಯ. ಸಾಲಿಟೇರ್ ಸಿಕ್ಕಿತು, ನಡುವೆ ಜಾಹೀರಾತು ಇಲ್ಲದ್ದು. 1990ರಲ್ಲಿ ವಿಂಡೋಸ್ 3.0ರೊಟ್ಟಿಗೆ ಬಂದ ಆಟ ಅದು. ಮೌಸ್ ಎಳೆಯುವುದನ್ನು ಜನರಿಗೆ ರೂಢಿ ಮಾಡಿಸಿದ್ದೇ ಅದು. ಮಾಸ್ಟ್ರು ಇನ್ನೂ ರೂಢಿ ಮಾಡಿಕೊಳ್ಳುತ್ತಿದ್ದಾರೆ.

ಸುದ್ದಿ ಸಂಜೆಯೊಳಗೆ ಹೋಟೆಲಿಗೆ ಮುಟ್ಟಿತು.

"ಲಿನಕ್ಸಾ? ಅದು ಹ್ಯಾಕರ್‌ಗಳದ್ದಲ್ವಾ ಮಾಸ್ಟ್ರೆ?" ಎಂದರೊಬ್ಬರು, ಆಂಡ್ರಾಯ್ಡ್ ಫೋನಿನಿಂದ ತಲೆ ಎತ್ತದೆ. ಆ ಫೋನಿನ ಹೊಟ್ಟೆಯೊಳಗೆ ಕೂತದ್ದೂ ಲಿನಕ್ಸೇ ಎಂದು ಹೇಳಿ ಅವರ ಬನ್ಸ್ ಕಹಿ ಮಾಡುವುದು ಯಾಕೆಂದು ನಾನು ಸುಮ್ಮನಾದೆ.

"ಪುಕ್ಕಟೆ ಕೊಡುವುದಾದರೆ ಅದರಲ್ಲಿ ಎಂತದೋ ಉಂಟು" ಎಂದರು ಇನ್ನೊಬ್ಬರು. ಇವರು ವಾರಕ್ಕೆ ನಾಲ್ಕು ದಿನ ಕೃಷ್ಣಮಠದ ಪಂಕ್ತಿಯಲ್ಲಿ ಪುಕ್ಕಟೆ ಕೂತು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುವವರು. ಅಲ್ಲಿ ಎಂತದೋ ಉಂಟೆಂದು ಒಂದು ದಿನವೂ ಅನುಮಾನಪಟ್ಟವರಲ್ಲ.

ಮೂರನೆಯವರು ಗಂಭೀರರು. "ಪ್ರೈವೆಸಿ ಪ್ರೈವೆಸಿ ಅಂತ ಬೊಬ್ಬೆ ಯಾಕೆ? ನನ್ನಲ್ಲಿ ಅಡಗಿಸಲಿಕ್ಕೆ ಎಂತದ್ದೂ ಇಲ್ಲ." ನಿಜ, ಏನೂ ಇಲ್ಲ. ಮಣಿಪಾಲದಲ್ಲಿ ಸೈಟು ತೆಗೆದದ್ದು ಸ್ವಂತ ತಮ್ಮನಿಗೆ ಗೊತ್ತಿಲ್ಲ, ಮಗನ ಸಂಬಳ ಹೆಂಡತಿಗೆ ಗೊತ್ತಿಲ್ಲ, ಷುಗರ್ ಎಷ್ಟೆಂದು ಅವರ ಡಾಕ್ಟರಿಗೇ ಸರಿಯಾಗಿ ಹೇಳಿದ್ದಿಲ್ಲ. ಟಾರ್ಚ್ ಆ್ಯಪಿಗೆ ಮಾತ್ರ ಎಲ್ಲ ಗೊತ್ತುಂಟು.

ಮಾಸ್ಟ್ರು ಹಾಗಲ್ಲ, ಸಿದ್ಧಾಂತದವರು. ಲ್ಯಾಪ್‌ಟಾಪಿನ ಕ್ಯಾಮೆರಾದ ಕಣ್ಣಿಗೆ ಹೆಂಡತಿಯ ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದಾರೆ. ಜಾತಕ ಕೂಡದಿದ್ದರೂ ಅದೀಗ ಸುಮಂಗಲಿ. ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದನ್ನು, ಆ ದಾವೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದನ್ನು, 2012ರಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86 ವರ್ಷ ಎಂಬುದನ್ನು ಕಾಫಿ ಆರುವವರೆಗೆ ವಿವರಿಸುತ್ತಾರೆ.

ಈ ಮಾಸ್ಟ್ರೊಟ್ಟಿಗೆ ಮೊನ್ನೆ ಒಂದು ಕಚೇರಿಗೆ ಹೋಗಿದ್ದೆ. ಯಾವುದೋ ಅರ್ಜಿಗೆ ಆಧಾರ್ ಪ್ರತಿ ಬೇಕಿತ್ತು. ಮಾಸ್ಟ್ರು ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಒಯ್ದಿದ್ದರು. ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮಗುಚಿ ನೋಡಿ, "ಇದು ನಡೆಯುವುದಿಲ್ಲ, ನಂಬರೇ ಕಾಣುವುದಿಲ್ಲವಲ್ಲ" ಎಂದರು. ಕಾಣಬಾರದೆಂದೇ ಮಾಸ್ಕ್ ಎಂದು ಮಾಸ್ಟ್ರು ಪಾಠ ಶುರು ಮಾಡಿದರು. 2022ರ ಮೇಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಕಂಡಕಂಡಲ್ಲಿ ಆಧಾರ್ ಜೆರಾಕ್ಸ್ ಕೊಡಬೇಡಿ, ಮಾಸ್ಕ್ ಮಾಡಿದ್ದು ಕೊಡಿ ಎಂದು ಪ್ರಕಟಣೆ ಹೊರಡಿಸಿದ್ದನ್ನೂ ಹೇಳಿದರು. ಜನ ತಪ್ಪು ತಿಳಿದುಕೊಂಡಾರೆಂದು ಎರಡೇ ದಿನದಲ್ಲಿ ಅದನ್ನು ವಾಪಸ್ ಪಡೆದದ್ದನ್ನು ಹೇಳಲಿಲ್ಲ. ಹೇಳಿದ್ದರೂ ಅಷ್ಟೆ. ಗುಮಾಸ್ತರು ಕಿಟಕಿಯ ಹೊರಗೆ ಬೆರಳು ತೋರಿಸಿದರು: ಜೆರಾಕ್ಸ್ ಅಂಗಡಿ.

"ವಾಟ್ಸಾಪ್ ಮಾಡಿ ಸಾರ್" ಎಂದು ಅಲ್ಲಿಯ ಹುಡುಗ ಗೋಡೆಯ ನಂಬರು ತೋರಿಸಿದ. ಮಾಸ್ಟ್ರು ನನ್ನ ಮುಖ ನೋಡಿದರು, ಗಡಿಯಾರ ನೋಡಿದರು. ಕಚೇರಿ ಊಟಕ್ಕೆ ಮುಚ್ಚಲಿಕ್ಕೆ ಹತ್ತು ನಿಮಿಷ. ಕಳಿಸಿದರು.

ಪರದೆಯ ಮೇಲೆ ತಾಲೂಕಿನ ಜನಗಣತಿ ಹರಡಿಕೊಂಡಿತ್ತು. ಆಧಾರ್, ಪಾನ್, ಆರ್‌ಟಿಸಿ, ಪಾಸ್‌ಬುಕ್, ಯಾರದ್ದೋ ಮಗಳ ಮಾರ್ಕ್ಸ್ ಕಾರ್ಡು. ಕಂಪ್ಯೂಟರಿನದ್ದು ವಿಂಡೋಸ್ 7, ಆರೈಕೆ ನಿಂತು 2020ರ ಜನವರಿಗೇ ತಿಥಿಯಾದದ್ದು. ಅದು ಮುದಿಯಾಯಿತೆಂದು ಯಾರೂ ಹೇಳುವುದಿಲ್ಲ. ಇಡೀ ಊರಿನ ಅರ್ಜಿ ಅದರ ಬೆನ್ನ ಮೇಲೆ ನಡೆಯುತ್ತಿದೆ.

ಪ್ರಿಂಟು ಬಂದಿತು. "ಈಗ ಅದನ್ನು ಡಿಲೀಟ್ ಮಾಡು ಮಗಾ" ಎಂದರು ಮಾಸ್ಟ್ರು, ಕೋರ್ಟಿನ ಒಂಬತ್ತೂ ಮಂದಿ ಹಿಂದೆ ನಿಂತ ಹಾಗೆ.

"ಎಂತಕ್ಕೆ ಸಾರ್? ಮುಂದಿನ ಸಲ ಬರುವಾಗ ನೀವೇ ಪುನಃ ಕಳಿಸಬೇಕಾಗ್ತದೆ. ಇಲ್ಲೇ ಇರ್ಲಿ, ಸೇಫ್ ಉಂಟು" ಎಂದು ಹುಡುಗ ಮಾಸ್ಟ್ರ ಫೈಲನ್ನು ಕೆಳಗಿಳಿಸಿದ. ಹಿಂದಿನಿಂದ ಅವನು ಅರ್ಧ ಆಡಿಟ್ಟ ಸಾಲಿಟೇರ್ ಮೇಲೆದ್ದು ಬಂತು.

ಮಾಸ್ಟ್ರು ಬಾಯಿ ತೆರೆದರು. ಕಣ್ಣು ಪರದೆಯಲ್ಲಿ ನೆಟ್ಟಿತು. ಕನ್ನಡಕ ಸರಿಮಾಡಿಕೊಂಡು ಕೌಂಟರಿನ ಮೇಲೆ ಬಗ್ಗಿದರು.

"ಆ ಆಟೀನ್ ಎಂಟನ್ನು ಕಲಾವರ್ ಒಂಬತ್ತರ ಮೇಲೆ ಹಾಕು ಮಾರಾಯ, ಎಷ್ಟು ಹೊತ್ತಿನಿಂದ ಕಾಯ್ತಾ ಉಂಟು ಅದು!"