ಸೊನ್ನೆ ಅಂದ್ರೆ ಆನ್

ಮೋಟರ್ ಆನ್ ಮಾಡಿ ಮರೆಯೋದು ನಮ್ಮ ವಂಶದ ಕಾಯಿಲೆ. ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಬೆಂಗಳೂರಿನ ಬೀದೀಲಿ ಟ್ಯಾಂಕ್ ತುಂಬಿ ಹರಿದ್ರೆ ಅಕ್ಕಪಕ್ಕದವರಿಗೆ ಮುಖ ತೋರ್ಸಕ್ಕಾಗಲ್ಲ. ಆಫೀಸಲ್ಲಿ ಜಾವಾ ಬರೆಯೋನು ನಾನು, ಕೋಡ್ ಅಂದ್ರೆ ಕೋಡೇ ತಾನೆ, ಟ್ಯಾಂಕ್ ತುಂಬಿದ್ರೆ ಮೋಟರ್ ತಾನೇ ಆಫ್ ಆಗೋ ಹಾಗೆ ಮಾಡೋಣ ಅಂತ ಎಸ್.ಪಿ. ರೋಡಿಗೆ ಹೋಗಿ ಪುಟ್ಟ ಕಂಪ್ಯೂಟರ್ ಚಿಪ್ ಕೂತಿರೋ ಒಂದು ಬ್ಲೂ ಪಿಲ್ ಬೋರ್ಡು, ಅದೇ ಎಸ್‌ಟಿಎಂ32ಎಫ್103, ಜೊತೆಗೆ ಮೋಟರನ್ನ ಆನ್-ಆಫ್ ಮಾಡೋ ಸ್ವಿಚ್ಚಾಗಿ ಒಂದು ರಿಲೇ, ಟ್ಯಾಂಕಲ್ಲಿ ನೀರೆಷ್ಟಿದೆ ಅಂತ ಶಬ್ದದಲೆಯಿಂದ ಅಳೆಯೋ ಒಂದು ಅಲ್ಟ್ರಾಸಾನಿಕ್ ಸೆನ್ಸರ್ ತಂದೆ.

ರಿಲೇಗೆ ಸಿಗ್ನಲ್ ಕೊಡೋ ಪಿಬಿ0 ಅನ್ನೋ ಪಿನ್ನನ್ನ ಔಟ್‌ಪುಟ್ ಮಾಡ್ಬೇಕು, ಅಷ್ಟೇ ಕೆಲಸ. ಸಿಆರ್‌ಎಲ್ ರಿಜಿಸ್ಟರಿನ, ಅಂದ್ರೆ ಪಿನ್ನಿನ ಸೆಟ್ಟಿಂಗ್ ಇರೋ ಚಿಪ್ಪೊಳಗಿನ ಡಬ್ಬಿಯ, ಕೊನೇ 4 ಬಿಟ್ಟಿಗೆ 2 ಬರೆದೆ, ಅಂದ್ರೆ ಸೊನ್ನೆ, ಒಂದು ಎರಡನ್ನೂ ತಾನೇ ಕೊಡೋ ಪುಷ್-ಪುಲ್ ಔಟ್‌ಪುಟ್, ವೇಗ 2 ಮೆಗಾಹರ್ಟ್ಸ್. ಏನೂ ಇಲ್ಲ. ಬರೆದಿದ್ದನ್ನ ವಾಪಸ್ ಓದಿದ್ರೆ ಬರೀ ಸೊನ್ನೆ. ರಾತ್ರಿ ಒಂದು ಗಂಟೆಗೆ ಗೊತ್ತಾಯ್ತು, ಆ ಪಿನ್ನಿರೋ ಪೋರ್ಟಿಗೆ ಕ್ಲಾಕೇ, ಅಂದ್ರೆ ಅದನ್ನ ನಡೆಸೋ ತಾಳವೇ, ಕೊಟ್ಟಿಲ್ಲ, ಮೀಟರೇ ಇಲ್ಲದ ಮನೇಲಿ ಕೂತು ಸ್ವಿಚ್ ಒತ್ತಿದ ಹಾಗೆ! ಎಪಿಬಿ2ಇಎನ್‌ಆರ್‌ನಲ್ಲಿ ಆ ಕ್ಲಾಕ್ ಆನ್ ಮಾಡೋ 3ನೇ ಬಿಟ್ ಹಾಕಿದ್ದೇ ತಡ, ರಿಲೇ ಟಕ್ ಅಂತು. ಒಳಗಿಂದ ಅಮ್ಮ, ಹಲ್ಲಿ ಲೊಚಗುಟ್ತು ಅನ್ಕೊಂಡು, "ಕೃಷ್ಣ ಕೃಷ್ಣ" ಅಂತ ನೆಲ ತಟ್ಟಿದ್ರು.

ಎರಡು ವಾರ ಚೆನ್ನಾಗೇ ನಡೀತು. ಒಂದಿನ ಬೆಳಗಿನ ಜಾವ ಕರೆಂಟ್ ಹೋಗಿ ಬಂತು. ನಾನು ತಂದ ರಿಲೇ ಪಿನ್ ಸೊನ್ನೆಗೆ ಇಳಿದಾಗ ಆನ್ ಆಗೋ ಜಾತಿದು, ರಿಸೆಟ್ ಆದ್ಮೇಲೆ ಪಿನ್ನಿನ ಮೌಲ್ಯ ಇಡೋ ಓಡಿಆರ್‌ನಲ್ಲಿ ಇರೋದೂ ಸೊನ್ನೆನೇ, ನನ್ನ ಕೋಡೋ ಮೊದ್ಲು ಪಿನ್ನನ್ನ ಔಟ್‌ಪುಟ್ ಮಾಡಿ ಆಮೇಲೆ ಸೆನ್ಸರ್ ಉತ್ತರಕ್ಕೆ ಕಾದು ಆಮೇಲಷ್ಟೇ ಆಫ್ ಮಾಡ್ಲೋ ಬೇಡ್ವೋ ಅಂತ ಯೋಚ್ನೆ ಮಾಡೋದು. ಸೆನ್ಸರ್ ವೈರನ್ನ ಹಿಂದಿನ ದಿನವೇ ಪಾರಿವಾಳ ಕಿತ್ತಿತ್ತು. ಇಷ್ಟು ಹೊತ್ತಾದ್ರೆ ಕಾಯೋದು ಬಿಡು ಅನ್ನೋ ಟೈಮೌಟನ್ನ ನಾನು ಬರೆದೇ ಇರ್ಲಿಲ್ಲ. ಕಾದೇ ಕಾಯ್ತು ಪಾಪ, ಮೋಟರ್ ಓಡ್ತಾ ಇತ್ತು. ಸಂಪಲ್ಲಿದ್ದ ಕಾವೇರಿಯೆಲ್ಲ ಟೆರೇಸ್ ಮೇಲಿಂದ ಮೋರಿಗೆ ಹೋದ್ಮೇಲೆ ಮೇಲ್ಮನೆ ಆಂಟಿ ಬಂದು ಬಾಗಿಲು ಬಡಿದ್ರು.

"ಸೊನ್ನೆ ಅಂದ್ರೆ ಆನ್ ಅಮ್ಮ ಅದಕ್ಕೆ" ಅಂದೆ.

"ಯಾವ ಸ್ಕೂಲಲ್ಲೋ ಹೇಳ್ಕೊಟ್ರು ನಿಂಗೆ? ಫೀಸು ಕಟ್ಟಿದ್ದು ನಾವೇ ಅಲ್ವಾ?"

ರಿಪೇರಿ ಏನು ದೊಡ್ಡದಲ್ಲ. ಮೊದ್ಲು ಬಿಎಸ್‌ಆರ್‌ಆರ್‌ಗೆ 1 ಬರೆದು ಪಿನ್ನಿನ ಮೌಲ್ಯವನ್ನ ಒಂದು ಮಾಡಿ, ಅಂದ್ರೆ ಆಫ್, ಆಮೇಲೆ ಪಿನ್ನನ್ನ ಔಟ್‌ಪುಟ್ ಮಾಡೋದು, ಎರಡು ಲೈನು ಹಿಂದೆ ಮುಂದೆ ಅಷ್ಟೇ. ಒಂದು ಟೈಮೌಟೂ ಹಾಕಿದೆ. ಅಮ್ಮ ಮಾತ್ರ ಈಗ್ಲೂ ಮೋಟರಿನ ಮೇನ್ ಸ್ವಿಚ್ ಆಫ್ ಮಾಡೇ ಮಲಗೋದು.