ಒಂದು ಪೈಸೆ ಚಿಲ್ಲರೆ

ಆಂಧ್ರಪ್ರದೇಶ ಸರ್ಕಾರವು 2025ರಲ್ಲಿ ವಿಶಾಖಪಟ್ಟಣದ ಕಾಪುಲುಪ್ಪಾಡದಲ್ಲಿ ಅಮೆರಿಕದ ಕಾಗ್ನಿಜೆಂಟ್ ಕಂಪನಿಗೆ 21.31 ಎಕರೆ ಜಮೀನನ್ನು ಎಕರೆಗೆ 99 ಪೈಸೆಯಂತೆ ಕೊಡಲು ಒಪ್ಪಿದಾಗ, ಬೆಲೆ ತೀರ ಕಡಿಮೆಯಾಯಿತೆಂದು ಗೊಣಗಿದವರು ಬಹಳ ಮಂದಿ. ಆ ಬೆಲೆಯನ್ನು ಪಾವತಿಸುವುದು ಹೇಗೆ ಎಂಬ ಆಡಳಿತಾತ್ಮಕ ತೊಡಕಿನ ಕಡೆಗೆ ಮಾತ್ರ ಯಾರ ಗಮನವೂ ಹೋದಂತಿಲ್ಲ. ನಮ್ಮ ದೇಶದಲ್ಲಿ 25 ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು 2011ರ ಜೂನ್ ಅಂತ್ಯಕ್ಕೇ ಚಲಾವಣೆಯಿಂದ ಹೊರಬಿದ್ದಿವೆ. ಆದ್ದರಿಂದ ಕಂಪನಿಯ ಪ್ರತಿನಿಧಿಯು ಖಜಾನೆಯ ಮುಂದೆ ನಿಂತು ಎಕರೆಗೊಂದು ರೂಪಾಯಿಯಂತೆ ಎಣಿಸಿಟ್ಟರೆ, ಸರ್ಕಾರವು ಎಕರೆಗೊಂದು ಪೈಸೆಯಂತೆ ಚಿಲ್ಲರೆ ಹಿಂದಿರುಗಿಸಬೇಕು. ಆ ಚಿಲ್ಲರೆ ಸರ್ಕಾರದ ಬಳಿ ಇಲ್ಲ. ಇಡೀ ಜಮೀನಿನ ಬೆಲೆ ಸುಮಾರು ಇಪ್ಪತ್ತೊಂದು ರೂಪಾಯಿ ಹತ್ತು ಪೈಸೆ, ಅಂದರೆ ಬೆಂಗಳೂರಿನ ದರ್ಶಿನಿಯಲ್ಲಿ ನಿಂತುಕೊಂಡು ಒಂದು ಕಾಫಿ ಕುಡಿಯಲು ಸಾಕಾಗುವಷ್ಟು, ಎರಡನೆಯದಕ್ಕೆ ಸಾಲದಷ್ಟು ಮೊತ್ತ.

ಚಿಲ್ಲರೆ ಇಲ್ಲದಾಗ ಗಿರಾಕಿಯ ಕೈಗೆ ಎರಡು ಚಾಕೊಲೇಟ್ ಇಡುವುದು ನಮ್ಮ ಕಿರಾಣಿ ಅಂಗಡಿಗಳ ಹಳೆಯ ಪದ್ಧತಿ. ದೇಶದ ರಾಜ್ಯಗಳ ಕೈಗಾರಿಕಾ ನೀತಿಗಳನ್ನು ತಿರುವಿ ಹಾಕಿದರೆ ಸರ್ಕಾರಗಳೂ ಅದೇ ಪದ್ಧತಿಯಲ್ಲಿ ನಂಬಿಕೆ ಇಟ್ಟಿರುವುದು ಕಾಣುತ್ತದೆ: ಮುದ್ರಾಂಕ ಶುಲ್ಕದ ವಿನಾಯಿತಿ, ವಿದ್ಯುತ್ ತೆರಿಗೆಯ ವಿನಾಯಿತಿ, ಭೂಪರಿವರ್ತನೆ ಶುಲ್ಕದ ಮರುಪಾವತಿ, ರಾಜ್ಯದ ಪಾಲಿನ ಜಿಎಸ್‌ಟಿಯ ಮರುಪಾವತಿ, ಬಂಡವಾಳಕ್ಕೆ ಸಹಾಯಧನ, ಬಡ್ಡಿಗೆ ಸಹಾಯಧನ. ಗಿರಾಕಿ ಅಂಗಡಿಯಿಂದ ಹೊರಡುವಾಗ ಅವನ ಜೇಬಿನಲ್ಲಿ ತಂದ ದುಡ್ಡಿಗಿಂತ ಹೆಚ್ಚಿನ ಚಾಕೊಲೇಟ್ ಇರುತ್ತದೆ.

ಇದಕ್ಕೊಂದು ಇತಿಹಾಸವೂ ಇದೆ. 2008ರಲ್ಲಿ ಟಾಟಾ ಸಂಸ್ಥೆಯು ನ್ಯಾನೊ ಕಾರಿನ ಕಾರ್ಖಾನೆಯನ್ನು ಪಶ್ಚಿಮ ಬಂಗಾಳದ ಸಿಂಗೂರಿನಿಂದ ಎತ್ತಿದಾಗ, ಗುಜರಾತಿನ ಅಂದಿನ ಮುಖ್ಯಮಂತ್ರಿ ನರೇಂದ್ರ ಮೋದಿಯವರು ರತನ್ ಟಾಟಾ ಅವರಿಗೆ ಸುಸ್ವಾಗತವೆಂಬ ಒಂದು ಎಸ್ಸೆಮ್ಮೆಸ್ ಕಳಿಸಿದ್ದಾಗಿಯೂ ಆ ಒಂದು ರೂಪಾಯಿಯ ಖರ್ಚಿನಿಂದ ಕಾರ್ಖಾನೆ ಸಾನಂದಕ್ಕೆ ಬಂತೆಂದೂ ಮುಂದೆ ಹೇಳಿಕೊಂಡರು. ಆ ರೂಪಾಯಿಯ ಹಿಂದೆಯೇ ಶೇ 0.1ರ ಬಡ್ಡಿಯ ಸಾಲವೂ ಹೋಯಿತೆಂಬುದು ಎಸ್ಸೆಮ್ಮೆಸ್‌ನಲ್ಲಿ ಹಿಡಿಸದ ವಿಷಯ. ಟಾಟಾ ವಿದೇಶಿಯಲ್ಲ, ನಿಜ. ಆದರೆ ಮಾದರಿ ಅಲ್ಲಿ ಸಿದ್ಧವಾಯಿತು. ಅಂದು ಆಹ್ವಾನಕ್ಕೆ ಒಂದು ರೂಪಾಯಿ, ಇಂದು ಎಕರೆ ಜಮೀನಿಗೆ 99 ಪೈಸೆ. ಹದಿನೇಳು ವರ್ಷಗಳಲ್ಲಿ ಅಕ್ಕಿ, ಬೇಳೆ, ಅಡುಗೆ ಅನಿಲ ಎಲ್ಲದರ ಬೆಲೆ ಏರಿರುವಾಗ ಹೂಡಿಕೆದಾರನ ಖರ್ಚಿನಲ್ಲಿ ಒಂದು ಪೈಸೆಯಷ್ಟು ಇಳಿಕೆಯಾಗಿರುವುದನ್ನು ಹಣದುಬ್ಬರದ ಮೇಲಿನ ವಿಜಯವೆಂದೇ ಪರಿಗಣಿಸಬೇಕಾಗುತ್ತದೆ.

ಅದೇ ಸಾನಂದಕ್ಕೆ 2023ರಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ ಬಂತು. ಚಿಪ್‌ಗಳ ಜೋಡಣೆ ಮತ್ತು ಪರೀಕ್ಷೆ ನಡೆಸುವ ಆ ಘಟಕದ ಒಟ್ಟು ವೆಚ್ಚ 275 ಕೋಟಿ ಡಾಲರ್. ಇದರಲ್ಲಿ ಶೇ 50ರಷ್ಟನ್ನು ಕೇಂದ್ರ ಸರ್ಕಾರವೂ ಶೇ 20ರಷ್ಟನ್ನು ಗುಜರಾತ್ ಸರ್ಕಾರವೂ ಭರಿಸುತ್ತವೆ. ಕಂಪನಿ ಹಾಕುವುದು ಹೆಚ್ಚೆಂದರೆ 82.5 ಕೋಟಿ ಡಾಲರ್. ನೂರು ರೂಪಾಯಿಯ ವ್ಯಾಪಾರದಲ್ಲಿ ಎಪ್ಪತ್ತು ಹಾಕಿದವನು ಬಾಗಿಲಲ್ಲಿ ಹಾರ ಹಿಡಿದು ನಿಂತಿರುತ್ತಾನೆ, ಮೂವತ್ತು ಹಾಕಿದವನು ಹಾರಕ್ಕೆ ಕೊರಳೊಡ್ಡಿ ಒಳಗೆ ನಡೆಯುತ್ತಾನೆ, ಕಾರ್ಖಾನೆಯ ಒಡೆತನ ಅವನದೇ ಆಗಿರುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಯಾವ ಸೆಮಿಕಂಡಕ್ಟರ್ ನೀತಿಯನ್ನು ಓದಿಕೊಂಡಿದ್ದರೋ ತಿಳಿಯದು.

ಈ ಲೆಕ್ಕವನ್ನು ಬಹಿರಂಗವಾಗಿ ಮಾಡಿ ತೋರಿಸಿದವರು ವಿರೋಧ ಪಕ್ಷದವರಲ್ಲ. ಕೇಂದ್ರದಲ್ಲಿ ಬೃಹತ್ ಕೈಗಾರಿಕಾ ಸಚಿವರಾಗಿ ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ, 2024ರ ಜೂನ್‌ನಲ್ಲಿ, ಎಚ್.ಡಿ. ಕುಮಾರಸ್ವಾಮಿಯವರು ಬೆಂಗಳೂರಿನಲ್ಲಿ ಮಾತನಾಡುತ್ತ, ಸುಮಾರು ಐದು ಸಾವಿರ ಉದ್ಯೋಗಕ್ಕಾಗಿ ಇನ್ನೂರು ಕೋಟಿ ಡಾಲರ್ ಸಹಾಯಧನ ಕೊಟ್ಟರೆ ಒಂದೊಂದು ಉದ್ಯೋಗಕ್ಕೆ ಮೂರು ಕೋಟಿ ಇಪ್ಪತ್ತು ಲಕ್ಷ ರೂಪಾಯಿ ಬೀಳುತ್ತದೆಂದು ಭಾಗಿಸಿ ಹೇಳಿದರು. ಪೀಣ್ಯದ ಸಣ್ಣ ಕೈಗಾರಿಕೆಗಳು ಲಕ್ಷಾಂತರ ಉದ್ಯೋಗ ಕೊಟ್ಟಿವೆಯಲ್ಲ, ಅವುಗಳಿಗೆ ನಾವು ಏನು ಕೊಟ್ಟಿದ್ದೇವೆ ಎಂದೂ ಕೇಳಿದರು. ಆ ಭಾಗಾಕಾರದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಅದನ್ನು ಗಟ್ಟಿಯಾಗಿ ಮಾಡಿದ್ದರಲ್ಲಿ. ಮರುದಿನದ ಹೊತ್ತಿಗೆ ತಮ್ಮ ಮಾತು ನಿರ್ದಿಷ್ಟ ಕಂಪನಿಯನ್ನು ಕುರಿತದ್ದಲ್ಲವೆಂಬ ಸ್ಪಷ್ಟನೆ ಹೊರಬಂತು. ಮೂರು ಕೋಟಿ ಇಪ್ಪತ್ತು ಲಕ್ಷವನ್ನು ಒಬ್ಬ ಪದವೀಧರನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟರೆ ತಿಂಗಳ ಬಡ್ಡಿಯೇ ಒಂದೂವರೆ ಲಕ್ಷ ದಾಟುತ್ತದೆ, ಅವನು ಸಾನಂದದವರೆಗೆ ಹೋಗುವ ರೈಲು ಖರ್ಚೂ ಉಳಿಯುತ್ತದೆ. ಆದರೆ ಬಡ್ಡಿ ತಿನ್ನುವ ಪದವೀಧರನಿಂದ ಶಂಕುಸ್ಥಾಪನೆ ಮಾಡಿಸಲು ಬರುವುದಿಲ್ಲ.

ಕರ್ನಾಟಕವು ಈ ವಿಷಯದಲ್ಲಿ ಕೊಡುವುದಕ್ಕಿಂತ ಎಣಿಸುವುದರಲ್ಲಿ ಹೆಚ್ಚಿನ ಪರಿಣತಿ ಸಾಧಿಸಿದ ರಾಜ್ಯ. 2010ರ ಜಾಗತಿಕ ಹೂಡಿಕೆದಾರರ ಸಮಾವೇಶದಲ್ಲಿ ಸುಮಾರು 3.92 ಲಕ್ಷ ಕೋಟಿ ರೂಪಾಯಿಯ ಒಡಂಬಡಿಕೆಗಳಾದವು. 2022ರಲ್ಲಿ 9.8 ಲಕ್ಷ ಕೋಟಿ. 2025ರ ಫೆಬ್ರುವರಿಯಲ್ಲಿ ಅರಮನೆ ಮೈದಾನದಲ್ಲಿ ನಾಲ್ಕು ದಿನ ನಡೆದ ಸಮಾವೇಶದ ಕೊನೆಗೆ ಘೋಷಣೆಯಾದದ್ದು 10.27 ಲಕ್ಷ ಕೋಟಿ. ಇದರ ಗಾತ್ರ ಗ್ರಹಿಸಲು ಒಂದು ಅಳತೆಗೋಲು ಬೇಕಾದರೆ, ಆ ಹಣಕಾಸು ವರ್ಷವಿಡೀ ಭಾರತಕ್ಕೆ, ಎಲ್ಲ ರಾಜ್ಯಗಳಿಗೂ ಸೇರಿ, ಹರಿದುಬಂದ ಒಟ್ಟು ವಿದೇಶಿ ನೇರ ಹೂಡಿಕೆ ಸುಮಾರು 8,100 ಕೋಟಿ ಡಾಲರ್, ಅಂದರೆ ಏಳು ಲಕ್ಷ ಕೋಟಿ ರೂಪಾಯಿಯ ಸಮೀಪ. ಇಡೀ ದೇಶಕ್ಕೆ ಒಂದು ವರ್ಷ ಹಿಡಿದ ಕೆಲಸವನ್ನು ನಾವು ಮಧ್ಯಾಹ್ನದ ಊಟದ ವಿರಾಮವೂ ಸೇರಿದಂತೆ ನಾಲ್ಕೇ ದಿನಗಳಲ್ಲಿ ಮೀರಿಸಿದೆವು. ಘೋಷಣೆಯಲ್ಲಿ ದೇಶೀಯ ಕಂಪನಿಗಳ ಪಾಲೂ ಇದೆ, ಹಣ ಹಲವು ವರ್ಷಗಳಲ್ಲಿ ಬರುವಂಥದ್ದು ಎಂದೆಲ್ಲ ಅಧಿಕಾರಿಗಳು ವಿವರಿಸಬಹುದು; ವೇದಿಕೆಯ ಹಿಂದಿನ ಪರದೆಯ ಮೇಲೆ ಅಷ್ಟು ಸಣ್ಣ ಅಕ್ಷರ ಕಾಣುವುದಿಲ್ಲ.

ಒಡಂಬಡಿಕೆಗೆ ಸಹಿ ಬಿದ್ದ ಮೇಲೆ ಏನಾಗುತ್ತದೆಂಬುದನ್ನು ತಿಳಿಯಬಯಸುವವರು ಬಳ್ಳಾರಿ ಜಿಲ್ಲೆಯ ಕುಡುತಿನಿಗೆ ಹೋಗಬಹುದು. 2010ರ ಸಮಾವೇಶದ ತಾರೆಯಾಗಿದ್ದ ಆರ್ಸೆಲರ್ ಮಿತ್ತಲ್ ಕಂಪನಿಯ 30 ಸಾವಿರ ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆಗೆ ಅಲ್ಲಿ ರೈತರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಾಯಿತು. ಜಮೀನು ಹೋಯಿತು, ಕುಲುಮೆ ಮಾತ್ರ ಹೊತ್ತಲಿಲ್ಲ. ನ್ಯಾಯವಾದ ಪರಿಹಾರ ಕೊಡಿ, ಇಲ್ಲವೇ ಕಾರ್ಖಾನೆ ಕಟ್ಟಿ ಎಂದು ಜಮೀನು ಕಳೆದುಕೊಂಡವರು 2022ರ ಡಿಸೆಂಬರ್‌ನಲ್ಲಿ ಧರಣಿ ಕುಳಿತರು. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ರೈತರು ಮೊದಲೇ ಎಚ್ಚೆತ್ತು ಎದುರು ನಿಂತದ್ದರಿಂದ ದಕ್ಷಿಣ ಕೊರಿಯಾದ ಪೋಸ್ಕೊ 2013ರಲ್ಲಿ ಹಿಂದೆ ಸರಿಯಿತು. ಅಲ್ಲಿ ಕಾರ್ಖಾನೆ ಇಲ್ಲದಿದ್ದರೂ ಹೊಲವಾದರೂ ಉಳಿದಿದೆ. ಆರ್ಸೆಲರ್ ಮಿತ್ತಲ್ ಮತ್ತು ಜಪಾನಿನ ನಿಪ್ಪಾನ್ ಸ್ಟೀಲ್ ಸೇರಿ ಕಟ್ಟಿಕೊಂಡ ಕಂಪನಿ ಈಗ ಉಕ್ಕಿನ ಕಾರ್ಖಾನೆಗೆಂದು ಆಂಧ್ರದ ಅನಕಾಪಲ್ಲಿ ಜಿಲ್ಲೆಯ ನಕ್ಕಪಲ್ಲಿಗೆ ಹೋಗಿದೆ.

ಆಂಧ್ರದ ಮಾತು ಬಂದಾಗ ಅಲ್ಲಿನ ಐಟಿ ಸಚಿವ ನಾರಾ ಲೋಕೇಶ್ ಅವರನ್ನು ನೆನೆಯದಿರುವುದು ಕೃತಘ್ನತೆಯಾದೀತು, ಏಕೆಂದರೆ ಬೆಂಗಳೂರಿನ ಸುದ್ದಿಯನ್ನು ಅವರಷ್ಟು ಶ್ರದ್ಧೆಯಿಂದ ಓದುವವರು ಬೆಂಗಳೂರಿನಲ್ಲೂ ಇರಲಾರರು. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲಾತಿ ಕೊಡುವ ಮಸೂದೆಗೆ ನಮ್ಮ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ಹುಬ್ಬು ಗಂಟಿಕ್ಕಿದ್ದನ್ನು ಕಂಡು ಒಂದೆರಡು ದಿನಗಳಲ್ಲೇ ಅದನ್ನು ತಡೆಹಿಡಿಯುವಷ್ಟರಲ್ಲಿ, ಅವರು ಐಟಿ ಕಂಪನಿಗಳ ಒಕ್ಕೂಟವನ್ನು ವಿಶಾಖಪಟ್ಟಣಕ್ಕೆ ಕರೆದಾಗಿತ್ತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ರೈತರ ದೀರ್ಘ ಹೋರಾಟಕ್ಕೆ ಮಣಿದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಭೂಸ್ವಾಧೀನವನ್ನು ಕೈಬಿಟ್ಟಾಗ, ವೈಮಾಂತರಿಕ್ಷ ಕಂಪನಿಗಳಿಗೆ ನಮ್ಮಲ್ಲಿ ಎಂಟು ಸಾವಿರ ಎಕರೆ ಸಿದ್ಧವಿದೆಯೆಂದು ಲೋಕೇಶ್ ಬರೆದರು. ಹೊರವರ್ತುಲ ರಸ್ತೆಯ ಗುಂಡಿಗಳಿಗೆ ಬೇಸತ್ತು ಒಂದು ಕಂಪನಿ ಜಾಗ ಬಿಡುತ್ತೇನೆಂದಾಗಲೂ ಆಹ್ವಾನ ಬಂತು. ನಮ್ಮ ಒಂದೊಂದು ಗುಂಡಿಯೂ ಪಕ್ಕದ ರಾಜ್ಯದ ಕೈಗಾರಿಕಾ ನೀತಿಯ ಒಂದೊಂದು ಪರಿಚ್ಛೇದವಾಗಿ ಬೆಳೆಯುತ್ತಿದೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್ ಕಂಪನಿ ವಿಶಾಖಪಟ್ಟಣದ ದತ್ತಾಂಶ ಕೇಂದ್ರಕ್ಕೆ ಐದು ವರ್ಷಗಳಲ್ಲಿ 1,500 ಕೋಟಿ ಡಾಲರ್ ಹೂಡುವುದಾಗಿ ಸಾರಿತು. ಅದಕ್ಕಾಗಿ ಆಂಧ್ರವು 22 ಸಾವಿರ ಕೋಟಿ ರೂಪಾಯಿಯ ರಿಯಾಯಿತಿಗಳನ್ನು ಕೊಡುತ್ತಿದೆ, ನಾವು ಕೊಟ್ಟಿದ್ದರೆ ರಾಜ್ಯವನ್ನು ದಿವಾಳಿ ಎಬ್ಬಿಸಿದೆವೆನ್ನುತ್ತಿದ್ದರು ಎಂದು ನಮ್ಮ ಐಟಿ ಸಚಿವ ಪ್ರಿಯಾಂಕ್ ಖರ್ಗೆ ಆಕ್ಷೇಪಿಸಿದರು. ಆಂಧ್ರದ ಊಟದಂತೆ ಹೂಡಿಕೆಯೂ ಖಾರ, ನೆರೆಯವರಿಗೆ ಉರಿ ಹತ್ತಿದೆ ಎಂಬ ಧಾಟಿಯಲ್ಲಿ ಲೋಕೇಶ್ ಉತ್ತರ ಕೊಟ್ಟರು. ಇಬ್ಬರು ಸಚಿವರ ಈ ಖಾರದ ವಿನಿಮಯದಲ್ಲಿ ಮೂರನೆಯವನಾದ ಕಂಪನಿ ಒಂದು ಮಾತನ್ನೂ ಆಡಬೇಕಾಗಲಿಲ್ಲ. ಅದು ಆಡದಿದ್ದಷ್ಟೂ ಮುಂದಿನ ಕಂಪನಿಗೆ ರಿಯಾಯಿತಿ ಬೆಳೆಯುತ್ತದೆ.

ಖರ್ಗೆಯವರ ಮಾತಿನಲ್ಲಿ ತಿರುಳಿದೆ. ಆದರೆ ಅದನ್ನು ಹೇಳುವ ನೈತಿಕ ಹಕ್ಕು ನಮ್ಮ ಕಡೆಗೂ ಅಷ್ಟಾಗಿ ಉಳಿದಿಲ್ಲ. ನಮ್ಮ 2025ರಿಂದ 2030ರವರೆಗಿನ ಕೈಗಾರಿಕಾ ನೀತಿಯಲ್ಲಿ ಬಂಡವಾಳ ಸಹಾಯಧನ ಬೇಕೇ, ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಬೇಕೇ ಎಂಬುದನ್ನು ಕಂಪನಿಯೇ ಆರಿಸಿಕೊಳ್ಳಬಹುದು. ಬಡವನಿಗೆ ಪಡಿತರ ಅಂಗಡಿಯಲ್ಲಿ ಅಕ್ಕಿ ಬೇಕೇ ರಾಗಿ ಬೇಕೇ ಎಂದು ಇಷ್ಟು ವಿನಯದಿಂದ ಕೇಳಿದ ನೆನಪು ಯಾರಿಗಾದರೂ ಇದ್ದರೆ ತಿಳಿಸಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಇಲ್ಲಿ ಅದಕ್ಕೆ ಬೇಕಾಗಿದ್ದದ್ದು ಎಂಜಿನಿಯರುಗಳು ಮತ್ತು ಅವರ ಕೆಲಸವನ್ನು ಅಮೆರಿಕಕ್ಕೆ ಮುಟ್ಟಿಸುವ ಉಪಗ್ರಹ ಸಂಪರ್ಕ. ಎಂಜಿನಿಯರುಗಳನ್ನು ತಯಾರಿಸಿದ್ದು ಅದಕ್ಕೂ ಹಿಂದಿನ ಹಲವು ದಶಕಗಳ ಕಾಲೇಜುಗಳು, ಪ್ರಯೋಗಾಲಯಗಳು, ಸಾರ್ವಜನಿಕ ಉದ್ದಿಮೆಗಳು. ಕಂಪನಿಗಳು ಊರನ್ನು ಮೊದಲು ಆರಿಸಿಕೊಂಡು ರಿಯಾಯಿತಿಯನ್ನು ಆಮೇಲೆ ಕೇಳುತ್ತವೆಯೆಂಬ ಗುಮಾನಿ ನನಗೆ ಬಹಳ ಕಾಲದಿಂದ ಇದೆ. ಕಾಲೇಜು ಕಟ್ಟಲು ಮೂವತ್ತು ವರ್ಷ ಬೇಕು, ರಿಯಾಯಿತಿಗೆ ಒಂದು ಸಂಪುಟ ಸಭೆ ಸಾಕು, ಆದ್ದರಿಂದ ಈ ಗುಮಾನಿಯನ್ನು ಯಾವ ಸರ್ಕಾರವೂ ಪರಿಶೀಲಿಸಲಾರದು.

ಇಷ್ಟೆಲ್ಲ ಉಪಚಾರದ ನಂತರ ಕೈಯಲ್ಲಿ ಉಳಿದದ್ದೆಷ್ಟು ಎಂಬ ಒರಟು ಪ್ರಶ್ನೆಗೆ ರಿಸರ್ವ್ ಬ್ಯಾಂಕ್ 2025ರ ಮೇ ತಿಂಗಳಲ್ಲಿ ಉತ್ತರ ಕೊಟ್ಟಿತು. 2024-25ರಲ್ಲಿ ಬಂದ 8,100 ಕೋಟಿ ಡಾಲರಿನಿಂದ, ಹಳೆಯ ಹೂಡಿಕೆದಾರರು ಹಿಂದಕ್ಕೆ ಒಯ್ದದ್ದನ್ನೂ ನಮ್ಮವರೇ ಹೊರದೇಶಗಳಲ್ಲಿ ಹೂಡಿದ್ದನ್ನೂ ಕಳೆದರೆ, ಉಳಿದ ನಿವ್ವಳ ಮೊತ್ತ ಸುಮಾರು 35 ಕೋಟಿ ಡಾಲರ್. ಮುಂಬಾಗಿಲಲ್ಲಿ ಆರತಿ ಎತ್ತುವ ಗದ್ದಲದಲ್ಲಿ ಹಿತ್ತಲ ಬಾಗಿಲ ಕಡೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಹಾಗಾದರೆ ಕುಮಾರಸ್ವಾಮಿಯವರು ಕೇಳಿ ಅರ್ಧಕ್ಕೆ ಬಿಟ್ಟ ಪೀಣ್ಯದ ಪ್ರಶ್ನೆಯ ಗತಿಯೇನು? ಪೀಣ್ಯದಲ್ಲಿ ಮೂರು ಲೇತ್ ಯಂತ್ರಗಳನ್ನಿಟ್ಟುಕೊಂಡು ಹನ್ನೆರಡು ಜನರಿಗೆ ಸಂಬಳ ಕೊಡುತ್ತಿರುವ ಮಾಲೀಕನು, ಬಾಗಿಲ ಮುಂದಿನ ತುಮಕೂರು ರಸ್ತೆಯ ಮೇಲ್ಸೇತುವೆಯಲ್ಲಿ 2021ರ ಡಿಸೆಂಬರ್‌ನಿಂದ 2024ರ ಜುಲೈವರೆಗೆ ಭಾರಿ ವಾಹನ ಹತ್ತದಿದ್ದ ಕಾಲದಲ್ಲೂ ಮಾಲು ಸಾಗಿಸಿದವನು. ಅವನಿಗೆ ನನ್ನ ಬಳಿ ಒಂದು ಸಲಹೆ ಇದೆ. ಸುಮಾರು ಹನ್ನೆರಡೂವರೆ ಲಕ್ಷ ಜನರಿರುವ ಮಾರಿಷಸ್ ಎಂಬ ಪುಟ್ಟ ದ್ವೀಪದಿಂದ 2000ದ ಈಚೆಗೆ ಭಾರತಕ್ಕೆ ಬಂದಿರುವ ವಿದೇಶಿ ಷೇರು ಬಂಡವಾಳ ಒಟ್ಟು ಮೊತ್ತದ ಸುಮಾರು ಕಾಲುಭಾಗ. ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ಇಷ್ಟೊಂದು ಡಾಲರ್ ಬೆಳೆಯುವುದಿಲ್ಲವೆಂಬುದೂ, ತೆರಿಗೆ ಒಪ್ಪಂದದ ನೆರಳಿನಲ್ಲಿ ಹಾದುಹೋಗುವ ಹಣಕ್ಕೆ ಅದೊಂದು ತಂಗುದಾಣವೆಂಬುದೂ ಬಲ್ಲವರಿಗೆ ಗೊತ್ತು. 2016ರಲ್ಲಿ ಆ ಒಪ್ಪಂದವನ್ನು ತಿದ್ದಿದ ಮೇಲೆ ಸಿಂಗಪುರದ ದಾರಿ ಹೆಚ್ಚು ಸವೆಯುತ್ತಿದೆ. ನಮ್ಮ ಮಾಲೀಕನೂ ಅಲ್ಲೊಂದು ಅಂಚೆಪೆಟ್ಟಿಗೆ ಬಾಡಿಗೆಗೆ ಹಿಡಿದು, ತನ್ನ ಲೇತ್‌ಗಳಿಗೆ ಅದರ ಹೆಸರನ್ನು ಅಂಟಿಸಿಕೊಳ್ಳಲಿ. ಕಾನೂನಿನ ತೊಡಕುಗಳಿಗೆ ಆಡಿಟರುಗಳಿದ್ದಾರೆ. ಯಂತ್ರ ಪೀಣ್ಯದಲ್ಲೇ ಇರಲಿ, ಕಾರ್ಮಿಕರೂ ಅವರೇ ಇರಲಿ. ಮುಂದಿನ ಸಮಾವೇಶದಲ್ಲಿ ಅವನಿಗೆ ಮುಂದಿನ ಸಾಲಿನ ಕುರ್ಚಿ, ಮೈಸೂರು ಪೇಟ, ಕೃತಕ ಬುದ್ಧಿಮತ್ತೆಯಿಂದ ನಡೆಯುವ ಏಕಗವಾಕ್ಷಿ ಅನುಮತಿ ವ್ಯವಸ್ಥೆಯಲ್ಲಿ ಆದ್ಯತೆ ಎಲ್ಲವೂ ಸಿಗುತ್ತವೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಭಾಷಣದ ಭರದಲ್ಲಿ ಅವನು ಮೇಲ್ಸೇತುವೆಯ ವಿಷಯ ಎತ್ತಕೂಡದು, ಎತ್ತಿದರೆ ಸ್ಥಳೀಯನೆಂಬ ಗುರುತು ಸಿಕ್ಕಿ, ಎಕರೆಯ ಬೆಲೆ ಅಲ್ಲೇ ಮಾರುಕಟ್ಟೆಯ ದರಕ್ಕೆ ಏರಿಬಿಡುತ್ತದೆ.