ನೋಟಿಸ್ ಬೋರ್ಡಿನಲ್ಲಿ ಬಂಗುಡೆ

ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ 24 ಮನೆ. ಅಸೋಸಿಯೇಷನ್ನಿನ ಕಾರ್ಯದರ್ಶಿ ನಾನು. ಚುನಾವಣೆ ಗಿನಾವಣೆ ಏನೂ ಆದದ್ದಲ್ಲ. ಮೀಟಿಂಗ್ ದಿನ ನಾನು ಉಡುಪಿಗೆ ಹೋಗಿದ್ದೆ, ಅಷ್ಟೆ.

ಮೇ ತಿಂಗಳು. ತುಂಬೆ ಡ್ಯಾಮಿನಲ್ಲಿ ನೀರು ಇಳಿದು ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು. ಇಂಥ ಹೊತ್ತಿನಲ್ಲಿ ಕಾರ್ಯದರ್ಶಿ ನೀರು ತರಿಸಲಾರ, ನೋಟಿಸ್ ಹಾಕಬಲ್ಲ. ‘ವಾಟರ್ ನೋಟಿಸ್’ ಅನ್ನುವ ಹಳೆಯ ಫೈಲನ್ನು ವರ್ಡ್‌ನಲ್ಲಿ ತೆರೆದೆ. ತಾರೀಕು ಬದಲಿಸಿದೆ. ‘ನೀರನ್ನು ಮಿತವಾಗಿ ಬಳಸಿ, ಇಂತಿ’ ಎಂಬಲ್ಲಿಗೆ ಬಂದು ಹಿಂದಿನ ಕಾರ್ಯದರ್ಶಿಯ ಹೆಸರು ಅಳಿಸಿದೆ. ಅಕ್ಷರ ಸಣ್ಣದಾಯಿತು ಅನ್ನಿಸಿತು. ಪೂರ್ತಿ ಸೆಲೆಕ್ಟ್ ಮಾಡಲು ಕಂಟ್ರೋಲ್ ಮತ್ತು ಎ ಒತ್ತಬೇಕು, ಅಲ್ವಾ? ನನ್ನ ಹೆಬ್ಬೆರಳು ನಡುವಿನ ಆಲ್ಟ್ ಮೇಲೂ ಕೂತಿತು. ಸರಿಯಾಗಿ ಆಗಲೇ ಕೆಳಗೆ ಟ್ಯಾಂಕರಿನ ಹಾರ್ನ್. ಎದ್ದು ಓಡಿದೆ.

ವಾಪಸ್ ಬಂದಾಗ ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಾಗಲಿಲ್ಲ. ‘ಇಂತಿ’ಯ ಕೆಳಗೆ ಇಂಗ್ಲಿಷಿನಲ್ಲಿ ಏನೋ ಒಂದು ಸಾಲು ಇತ್ತು. ಹೆಸರು ಹಾಕಿ ಆಗಿದೆಯಲ್ಲ, ಒಳ್ಳೆಯದಾಯಿತು ಅಂದುಕೊಂಡು ಸೇವ್ ಮಾಡಿ, ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋದೆ. 25 ಕಾಪಿ. ಮನೆಗೊಂದು, ಲಿಫ್ಟಿನ ಪಕ್ಕದ ಬೋರ್ಡಿಗೊಂದು.

ಸಂಜೆ ಎರಡನೇ ಮಾಳಿಗೆಯ ಶೆಟ್ರು ಲಿಫ್ಟಿನಲ್ಲಿ ಸಿಕ್ಕಿದರು.

“ಭಟ್ರೇ, ನೋಟಿಸ್ ಓದಿದೆ. ನೀರಿಂದು ಗೊತ್ತಾಯ್ತು. ಪುಳಿಮುಂಚಿ ಯಾವತ್ತು?”

“ಎಂಥ ಪುಳಿಮುಂಚಿ?” ಹುಳಿ-ಖಾರದ ಆ ಸಾರಿಗೂ ನೀರಿನ ನೋಟಿಸಿಗೂ ಎಂಥ ಸಂಬಂಧ?

“ಬಂಗುಡೆ ಮೀನಿಂದು ಮಾರಾಯ್ರೇ. ನೀವೇ ಬರೆದಿದ್ದೀರಲ್ಲ!”

ಬೋರ್ಡಿನ ಹತ್ತಿರ ಹೋಗಿ ಮೂಗು ತಾಗಿಸಿ ಓದಿದೆ. ನೀರನ್ನು ಮಿತವಾಗಿ ಬಳಸಿ, ಇಂತಿ. ಅದರ ಕೆಳಗೆ ನನ್ನ ಯೂಸರ್‌ನೇಮ್. ಸ್ವಲ್ಪ ಜಾಗ ಬಿಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಬಂಗುಡೆಪುಳಿಮುಂಚಿ2001.

ಈ ಪಾಸ್‌ವರ್ಡಿನ ಕಥೆ ಹೇಳಲೇಬೇಕು. 2001ರಲ್ಲಿ ಹಂಪನಕಟ್ಟೆಯ ಒಂದು ಸೈಬರ್ ಸೆಂಟರಿನಲ್ಲಿ ಮೊದಲ ಇಮೇಲ್ ತೆರೆದಾಗ ಇಟ್ಟದ್ದು. ನಾನು ಬೆಳ್ಳುಳ್ಳಿ ಕೂಡ ಒಳಗೆ ಬಾರದ ಮನೆಯವನು. ಭಟ್ಟನ ಪಾಸ್‌ವರ್ಡಿನಲ್ಲಿ ಬಂಗುಡೆ ಇದ್ದೀತು ಅಂತ ಯಾವ ಕಳ್ಳನ ತಲೆಗೂ ಹೊಳೆಯದು ಎಂಬ ಲೆಕ್ಕ. ಲೆಕ್ಕ ಸರಿಯೇ ಇತ್ತು. ಇಪ್ಪತ್ತು ಚಿಲ್ಲರೆ ವರ್ಷ ಯಾರಿಗೂ ಹೊಳೆಯಲಿಲ್ಲ. ಈಗ ಬೋರ್ಡಿಗೆ ನಾನೇ ಪಿನ್ನು ಹೊಡೆದಿದ್ದೆ. ಬಾಕಿ ಎಲ್ಲ ಪಾಸ್‌ವರ್ಡ್ ಬದಲಿಸಿದ್ದೆ, ನೀರಿನ ಬಿಲ್ಲಿನ ಖಾತೆಗೆ ಮಾತ್ರ ಇದೇ ಉಳಿದಿತ್ತು. ನನ್ನ ನೀರಿನ ಬಿಲ್ಲನ್ನು ಕದ್ದು ಯಾರಾದರೂ ಕಟ್ಟುವುದಾದರೆ ಕಟ್ಟಲಿ ಅಂತ.

ಮನೆಗೆ ಹೋದರೆ ಹೆಂಡತಿಯ ಕೈಯಲ್ಲೂ ಅದೇ ಕಾಗದ.

“ಎಲ್ಲಿ ತಿಂದದ್ದು?”

“ತಿಂದದ್ದಲ್ಲ ಮಾರಾಯ್ತಿ, ಪಾಸ್‌ವರ್ಡ್!”

“ತಿನ್ನದೆ ಹೆಸರು ಹೇಗೆ ಬಾಯಿಗೆ ಬಂತು?”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ರಾತ್ರಿ ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಮಾಡಿದೆ. ಮೊದಲು ಐದು ನಿಮಿಷ ನಕ್ಕಳು.

ನಾನು ಪಾಸ್‌ವರ್ಡ್ ಇಡುವುದು ಕೀಪಾಸ್ ಎಂಬ ಸಾಫ್ಟ್‌ವೇರಿನಲ್ಲಿ, ಒಂದೊಂದು ಖಾತೆಗೆ ಒಂದೊಂದು ಎಂಟ್ರಿ. ಡಾಮಿನಿಕ್ ರೈಶಲ್ ಎಂಬ ಜರ್ಮನಿಯವರು ಮಾಡಿದ್ದು, 2003ರಿಂದ ಪುಕ್ಕಟೆ ಸಿಗುತ್ತಿದೆ. ಅದರ ತಪ್ಪೇನೂ ಇಲ್ಲ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಕಂಟ್ರೋಲ್, ಆಲ್ಟ್, ಎ ಒಟ್ಟಿಗೆ ಒತ್ತಿದರೆ ಅದು ಮುಂದಿರುವ ಕಿಟಕಿಯ ನೆತ್ತಿಯ ಮೇಲಿನ ಹೆಸರು ನೋಡುತ್ತದೆ. ನಾವು ಬರೆದಿಟ್ಟ ಯಾವ ಎಂಟ್ರಿಯ ಶೀರ್ಷಿಕೆ ಆ ಹೆಸರಿನೊಳಗೆ ಇದೆಯೋ ಅದನ್ನು ಹಿಡಿಯುತ್ತದೆ. ಆಮೇಲೆ ಯೂಸರ್‌ನೇಮ್, ಟ್ಯಾಬ್, ಪಾಸ್‌ವರ್ಡ್, ಎಂಟರ್. ಬೆಳಿಗ್ಗೆ ನೀರಿನ ಬಿಲ್ ಕಟ್ಟಿ ಕೀಪಾಸನ್ನು ತೆರೆದೇ ಬಿಟ್ಟಿದ್ದೆ. ನನ್ನ ಎಂಟ್ರಿಯ ಹೆಸರು ‘ವಾಟರ್’. ಕಿಟಕಿಯ ಹೆಸರು ‘ವಾಟರ್ ನೋಟಿಸ್’. ಬೇರೆ ಎಂಥ ಬೇಕು? ಕೊನೆಗೆ ಎಂಟರ್ ಕೂಡ ಒತ್ತಿ ಮರ್ಯಾದೆಯಿಂದ ಮುಂದಿನ ಸಾಲಿಗೆ ಇಳಿದಿತ್ತು.

“ಒಂದಕ್ಕಿಂತ ಜಾಸ್ತಿ ಎಂಟ್ರಿ ಸಿಕ್ಕಿದ್ರೆ ಯಾವುದು ಅಂತ ಕೇಳುತ್ತಪ್ಪಾ. ಒಂದೇ ಸಿಕ್ಕಿದ್ರೆ ಕೇಳಲ್ಲ, ಟೈಪ್ ಮಾಡೇಬಿಡುತ್ತೆ” ಅಂದಳು. ನನಗೆ ಅರ್ಥವಾದದ್ದು ಹೀಗೆ: ಉಡುಪಿಯ ರಥಬೀದಿಯಲ್ಲಿ ನಿಂತು “ಭಟ್ರೇ” ಅಂತ ಕೂಗಿದರೆ ಹತ್ತು ಜನ ತಿರುಗುತ್ತಾರೆ, ಆಗ ಯಾವ ಭಟ್ರು ಅಂತ ಕೇಳಲೇಬೇಕು. ಹಗಲು ಎರಡು ಗಂಟೆಯ ಬಿಸಿಲಿಗೆ ಒಬ್ಬರೇ ತಿರುಗಿದರೆ ಈ ಕೀಪಾಸ್ ಮಹಾಶಯ ವಿಚಾರಿಸುವುದೇ ಇಲ್ಲ. ಸೀದಾ ಹೋಗಿ ಮನೆಯ ಬೀಗದ ಕೈ ಕೊಟ್ಟು ಬರುತ್ತಾನೆ.

ಆಗ ನನಗೊಂದು ಅನುಮಾನ ಬಂತು. ಬ್ಯಾಂಕಿನ ಎಂಟ್ರಿಗೆ ನಾನಿಟ್ಟ ಹೆಸರು ಸುಮ್ನೆ ‘ಬ್ಯಾಂಕ್’. ಮಂಗಳೂರಿನಲ್ಲಿ ಸ್ಟೇಟ್‌ಬ್ಯಾಂಕ್ ಅಂದರೆ ಯಾರೂ ದುಡ್ಡು ತೆಗೆಯಲು ಹೋಗುವುದಿಲ್ಲ, ಬಸ್ಸು ಹಿಡಿಯಲು ಹೋಗುತ್ತಾರೆ. ಅಮ್ಮನಿಗೆಂದು ‘ಸ್ಟೇಟ್‌ಬ್ಯಾಂಕ್ ಬಸ್ ಟೈಮ್’ ಅಂತ ಒಂದು ನೋಟ್‌ಪ್ಯಾಡ್ ಫೈಲು ಮಾಡಿಟ್ಟಿದ್ದೆ. ತೆರೆದು ಮೂರೂ ಕೀ ಒತ್ತಿದೆ. ಬೆಳಗಿನ ಮೊದಲ ಬಸ್ಸಿನ ಕೆಳಗೆ ನನ್ನ ಬ್ಯಾಂಕಿನ ಪಾಸ್‌ವರ್ಡ್ ಟಕಟಕ ಅಂತ ಬಂದು ಕೂತಿತು. ಅಮ್ಮನಿಗೆ ಆ ಪಟ್ಟಿ ಪ್ರಿಂಟ್ ಮಾಡಿ ಕೊಟ್ಟದ್ದು ಹಿಂದಿನ ವಾರ, ದೇವರು ದೊಡ್ಡವನು.

ರಾತ್ರಿ ಹನ್ನೊಂದರವರೆಗೆ ಮಗಳು ಪಾಠ ಮಾಡಿದಳು. ಆಪ್ಷನ್ಸ್ ಒಳಗೆ ಅಡ್ವಾನ್ಸ್ಡ್ ಅಂತ ಉಂಟು. ಅಲ್ಲಿ ಶೀರ್ಷಿಕೆ ಹೊಂದಿದರೆ ಎಂಟ್ರಿ ಹಿಡಿ ಎಂಬ ಟಿಕ್ ಮೊದಲೇ ಬಿದ್ದಿರುತ್ತದೆ. ತೆಗೆಸಿದಳು. ಆಮೇಲೆ ಒಂದೊಂದೇ ಎಂಟ್ರಿ ತೆರೆದು, ಆಟೋ ಟೈಪ್ ಎಂಬಲ್ಲಿ ಯಾವ ಕಿಟಕಿಗೆ ಹೋಗಬೇಕು ಅಂತ ಪೂರ್ತಿ ಹೆಸರು ಬರೆಯುವುದು. ಹಿಂದೆ ಮುಂದೆ ಹೆಸರು ಬದಲಾಗುವ ಕಡೆ ಒಂದು ನಕ್ಷತ್ರ (*) ಹಾಕಿದರೆ ಸಾಕು. ಮನೆಯ ವಿಳಾಸಕ್ಕೆ ‘ಗಣಪತಿ ಕಟ್ಟೆಯ ಹತ್ತಿರ’ ಅಂತ ಸೇರಿಸಿದ ಹಾಗೆ. ನಾನು ಆಸೆಯಿಂದ ಬರೀ ನಕ್ಷತ್ರ ಹಾಕಿದೆ. “ಅಪ್ಪಾ, ಹಾಗೆ ಹಾಕಿದ್ರೆ ಎಲ್ಲಾ ಕಿಟಕಿಗೂ ಹೊಂದುತ್ತೆ!” ಅಂತ ಬೈದಳು. ಟೈಪ್ ಆಗುವ ಸಾಲಿನ ಕೊನೆಯ ಎಂಟರನ್ನೂ ಕಿತ್ತೆವು. ಅದು ನಾನೇ ಒತ್ತುತ್ತೇನೆ, ಅಷ್ಟಕ್ಕೆ ಕೈ ಸವೆಯುವುದಿಲ್ಲ.

ಎಲ್ಲಕ್ಕಿಂತ ನೆಮ್ಮದಿ ಕೊಟ್ಟದ್ದು ಇನ್ನೊಂದು ಟಿಕ್. ಸಿಕ್ಕಿದ್ದು ಒಂದೇ ಎಂಟ್ರಿ ಆದರೂ ಪಟ್ಟಿ ತೋರಿಸಿ ಕೇಳು ಎಂಬುದು. ಈಗ ನಾನು ಆರಿಸಿದರೆ ಮಾತ್ರ ಟೈಪ್ ಆಗುತ್ತದೆ. ಕೇಳುವುದರಿಂದ ಒಂದು ಕ್ಲಿಕ್ ಜಾಸ್ತಿ, ನಿಜ. ನಮ್ಮ ಮನೆಯಲ್ಲಿ ನನ್ನನ್ನು ಕೇಳಿ ಮಾಡುವವರು ಇದೊಬ್ಬರೇ, ಇರಲಿ.

ನೀರಿನ ಖಾತೆಗೆ ಯಂತ್ರವೇ ಹೆಣೆದುಕೊಟ್ಟ 20 ಅಕ್ಷರದ ಪಾಸ್‌ವರ್ಡ್ ಇಟ್ಟೆ. ಅದರಲ್ಲಿ ಮೀನಿಲ್ಲ. ಬೆಳಿಗ್ಗೆ ಬೇಗ ಎದ್ದು ಬೋರ್ಡಿನ ಕಾಗದ ಕಿತ್ತೆ. ಬಾಕಿ ಮನೆಗಳಿಂದ ವಾಪಸ್ ಕೇಳುವುದು ಹೇಗೆ? ಮೂರನೇ ಮಾಳಿಗೆಯ ಬಾಯಿಯವರು ಎದುರಿಗೆ ಸಿಕ್ಕಿ, “ನೀರು ಮಿತವಾಗಿ ಬಳಸಿ ಅಂತೀರಿ, ಮೀನು ತೊಳೆಯಲಿಕ್ಕೆ ಎಷ್ಟು ನೀರು ಬೇಕು ಗೊತ್ತುಂಟಾ?” ಅಂತ ತುಂಬಾ ಗಂಭೀರವಾಗಿ ಕೇಳಿದರು.

ಭಾನುವಾರ ಮಧ್ಯಾಹ್ನ ಬೆಲ್ಲಾಯಿತು. ಶೆಟ್ರ ಹೆಂಡತಿ. ಕೈಯಲ್ಲಿ ಸ್ಟೀಲಿನ ಡಬ್ಬಿ.

“ಬಂಗುಡೆ ಅಲ್ಲ ಅಕ್ಕಾ, ಹೆದರಬೇಡಿ. ಜೀಗುಜ್ಜೆಯ ಪುಳಿಮುಂಚಿ. ಬೆಳ್ಳುಳ್ಳಿ ಹಾಕದೆ ಬೇರೆ ಪಾತ್ರೆಯಲ್ಲಿ ಮಾಡಿದ್ದು. ಪಾಪ, ಇವರಿಗೆ ಅಷ್ಟು ಆಸೆ ಉಂಟಂತಲ್ಲ.”

ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಇನ್ನೊಂದು ತುಂಡು ತೆಗೆದುಕೊಂಡಳು. ಡಬ್ಬಿಯನ್ನು ತನ್ನ ಕಡೆಗೆ ಸರಿಸಿಕೊಂಡು ಹೇಳಿದಳು:

“ಇದನ್ನೇ ಇಡಬಹುದಿತ್ತಲ್ಲ ನಿಮಗೆ.”